ಕೇತಕಿಯ ಪಾಲಿನ ಬೇಳೆ

ಅಂಬಾದಾಸನ ಮುಂದಿನ ಹಲ್ಲುಗಳನ್ನು ಕುದುರೆ ಒದ್ದು ಉದುರಿಸಿತು ಎಂದು ನಮ್ಮೂರು ನಿಗಡಿಯಲ್ಲಿ ಎಲ್ಲರೂ ತಿಳಿದಿದ್ದಾರೆ. ಅದು ಸುಳ್ಳು. ಕೇತಕಿ ಅವನನ್ನು ಒಮ್ಮೆಯೂ ಒದ್ದಿಲ್ಲ. ಹಲ್ಲು ಮುರಿದದ್ದು ಮನುಷ್ಯರು. ನಾನು ದೀಪ ಹೊತ್ತುಕೊಂಡು ಅಲ್ಲೇ ನಿಂತಿದ್ದೆ.

ಅವನ ಅಪ್ಪ ವಿಜಯಪುರದ ಕಡೆಯಿಂದ ಬಂದು ಇಲ್ಲಿ ಕೊಟ್ಟಿಗೆ ಹಾಕಿದವನು. ಅಂಬಾದಾಸ ಮದುವೆಗಳಿಗೆ ಕುದುರೆ ಕೊಡುತ್ತಾನೆ. ಇರುವುದೊಂದೇ ಕುದುರೆ, ಬಿಳಿಯ ಹೆಣ್ಣು, ಕೇತಕಿ. ಅದರ ತಗಡಿನ ಕೊಟ್ಟಿಗೆ ನನ್ನ ಮನೆಯ ಗೋಡೆಗೆ ಅಂಟಿಕೊಂಡಿದೆ. ಅವನಿಗೆ ನಾನು ಮಾವಶಿ, ಅಂದರೆ ಚಿಕ್ಕಮ್ಮನ ಹಾಗೆ. ಅದೇ ಮೆರವಣಿಗೆಗಳಲ್ಲಿ ನಾನು ತಲೆಯ ಮೇಲೆ ದೀಪ ಹೊರುತ್ತೇನೆ.

ಕುದುರೆಗೆ ಏನಾದರೂ ಆದರೆ ಅವನ ಕೈ ಮೊದಲು ಹೋಗುವುದು ಅಡುಗೆಯ ಡಬ್ಬಿಗಳಿಗೆ. ಜೀನು ಉಜ್ಜಿ ಗಾಯವಾದರೆ ಬೇವಿನೆಲೆ ಕುದಿಸಿದ ನೀರಿನಲ್ಲಿ ತೊಳೆದು, ಅರಿಸಿನ ಕಲಸಿದ ಎಳ್ಳೆಣ್ಣೆ ಹಚ್ಚುತ್ತಾನೆ. ಮಳೆಗಾಲದ ಥಂಡಿಗೆ ಶುಂಠಿ, ಬೆಲ್ಲ ಕುಟ್ಟಿದ ಉಂಡೆ. ಎಲ್ಲವೂ ಅವನ ಅವ್ವ ಹೇಳಿಕೊಟ್ಟದ್ದು. ಹೊಟ್ಟೆಶೂಲೆಗೆ ಮಾತ್ರ ಅವನು ಹೆದರುತ್ತಾನೆ. ಕುದುರೆಗೆ ವಾಂತಿ ಆಗುವುದಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೊರಬರಬೇಕು. ಕೇತಕಿಯ ತಾಯಿಗೆ ಹಾಗೆ ಬರಲಿಲ್ಲ. ಕರುಳು ತಿರುಚಿಕೊಂಡು, ನೋವಿಗೆ ಗೋಡೆಗೆ ತಲೆ ಜಜ್ಜಿಕೊಂಡು ಸತ್ತಿತು. ತಗಡಿನ ಮೇಲೆ ಆ ಗುಳಿ ಇನ್ನೂ ಇದೆ.

ಅದನ್ನು ಕೊಂದದ್ದು ಮದುವೆಯ ಶಾಸ್ತ್ರ. ಮದುಮಗ ಕುದುರೆ ಏರಿದ ಮೇಲೆ ಅಕ್ಕತಂಗಿಯರು ಅದಕ್ಕೆ ನೆನೆಸಿದ ಕಡಲೆಬೇಳೆ ತಿನ್ನಿಸಬೇಕು. ತಿಥಿ ಒಳ್ಳೆಯದಿದ್ದರೆ ಒಂದೇ ದಿನ ನಾಲ್ಕಾರು ಮದುವೆ. ತಾಯಿ ಸತ್ತಂದಿನಿಂದ ಅಂಬಾದಾಸ ಕೇತಕಿಯ ಬಾಯಿಗೆ ಎತ್ತುಗಳಿಗೆ ಹಾಕುವಂಥ ಹಗ್ಗದ ಕುಕ್ಕೆ ಕಟ್ಟಿ, ಮೇಲೆ ಜರಿ ಹೊಲಿದುಬಿಟ್ಟ. ಬೇಳೆ ಹಿಡಿದ ಕೈ ಬಾಯಿಯ ಹತ್ತಿರ ಬಂದರೆ ಕಾಳು ಅವನ ಉಡಿಗೆ ಬೀಳುತ್ತಿತ್ತು. ಎಲ್ಲರಿಗೂ ಸಮಾಧಾನ.

ಹೋದ ವರ್ಷ ಹೋಟೆಲ್ ನಡೆಸುವ ರಘುರಾಮರ ಸೋದರಳಿಯ ಸುಖೇಶನ ಮದುವೆ ಬಂತು. ಇವರು ಮಂಗಳೂರು ಕಡೆಯವರು, ಇವರಲ್ಲಿ ಕುದುರೆಯ ಪದ್ಧತಿಯೇ ಇಲ್ಲ. ಹೆಣ್ಣು ದಿಲ್ಲಿ ಕಡೆಯದು, ಅವರಿಗೆ ಬೇಕಿತ್ತು. ಸಂಜೆ ಸುಖೇಶ ಕುದುರೆ ಏರಿದ. ತಂಗಿ ದೀಕ್ಷಿತಾ ಬೇಳೆ ತಂದಳು. ತಟ್ಟೆಯಲ್ಲಲ್ಲ, ಹೋಟೆಲಿನ ದೊಡ್ಡ ಪಾತೇಲಿಯಲ್ಲಿ.

"ಇಷ್ಟೂ ಕೇತಕೀಗೇನ್ರಿ?" ಅಂಬಾದಾಸ ಕೇಳಿದ.

"ಮತ್ತೆ ನಿನಗಾ?" ರಘುರಾಮರು ನಕ್ಕರು. "ಅಂಬಡೆ ವಡೆಗೆ ನೆನೆಸಿದ್ದು ಮಾರಾಯ, ಒಳ್ಳೆ ಬೇಳೆ. ನಮ್ಮಲ್ಲಿಗೆ ಬಂದವರು ಅರೆಹೊಟ್ಟೆಯಲ್ಲಿ ಹೋದದ್ದುಂಟಾ?"

ದೀಕ್ಷಿತಾ ಒಂದು ಬೊಗಸೆ ಹಿಡಿದಳು. ಕಾಳು ಉದುರಿತು. ಅವಳು ಬಗ್ಗಿ ನೋಡಿದಳು. "ಮಾವ, ಇದು ತಿನ್ನುವುದೇ ಇಲ್ಲ. ಬಾಯಿ ಕಟ್ಟಿ ಹಾಕಿದ್ದಾನೆ!"

"ಬಿಚ್ಚು," ಎಂದರು ರಘುರಾಮರು. ನಗು ಹೋಗಿತ್ತು.

"ಶಾಸ್ತ್ರ ಆತಲ್ರಿ ಮಾಲಕ್ರ. ಹಸಿ ಬ್ಯಾಳಿ ಹೊಟ್ಟ್ಯಾಗ ಉಬ್ಬತದ. ಇದರ ಅವ್ವ ಹಿಂಗ ತಿಂದು ಸತ್ತದ."

"ದಿಬ್ಬಣ ಹೊರಡುವಾಗ ಸಾವಿನ ಮಾತಾಡ್ತೀಯಾ?" ಅವರ ಕೈ ಅವನ ಕೆನ್ನೆಗೆ ಬಿತ್ತು.

ಆಮೇಲೆ ಸುಖೇಶನ ಗೆಳೆಯರು ಕುಡಿದು ಬಂದರು. ಒಬ್ಬನು ಬ್ಯಾಂಡಿನವನ ಕೈಯಿಂದ ಡೋಲಿನ ಕೋಲು ಕಿತ್ತುಕೊಂಡು ಅಂಬಾದಾಸನ ಬಾಯಿಗೇ ಹೊಡೆದ. ಬಿದ್ದವನ ಮಣಿಕಟ್ಟಿನ ಮೇಲೆ ಇನ್ನೊಬ್ಬ ಬೂಟುಗಾಲಿಟ್ಟ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ನಮ್ಮ ದೀಪಗಳೆಲ್ಲ ಒಂದೇ ವಯರಿನಲ್ಲಿ ಜನರೇಟರ್ ಗಾಡಿಗೆ ಕಟ್ಟಿರುತ್ತವೆ. ಒಬ್ಬಳು ಓಡಿದರೆ ಸಾಲಿಗೆ ಸಾಲೇ ಉರುಳುತ್ತದೆ. ನಿಂತಲ್ಲೇ ಕೂಗಿದೆ. "ಬಿಡಿ ಮಾವ, ಬಿಡಿ!" ಎಂದು ಸುಖೇಶನೂ ಮೇಲಿನಿಂದ ಕೂಗಿದ. ಬ್ಯಾಂಡು ನಿಲ್ಲಲಿಲ್ಲ.

ರಘುರಾಮರು ಕುಕ್ಕೆ ಕಿತ್ತೆಸೆದು ಪಾತೇಲಿಯನ್ನು ಕುದುರೆಯ ಮುಂದಿಟ್ಟರು. ಹಸಿದಿದ್ದ ಕೇತಕಿ ಗಬಗಬ ತಿನ್ನತೊಡಗಿತು. ಅಂಬಾದಾಸ ತೆವಳಿಕೊಂಡು ಬಂದು ಅದೇ ಪಾತೇಲಿಗೆ ತನ್ನ ಮುಖವಿಟ್ಟ. ಕುದುರೆಯ ಪಕ್ಕದಲ್ಲಿ ಕುದುರೆಯ ಹಾಗೆಯೇ ತಿಂದ. ಪಕ್ಕೆಗೆ ಒದ್ದರು, ತಲೆ ಎತ್ತಲಿಲ್ಲ. ಕೂದಲು ಹಿಡಿದು ಎಳೆದರು, ಪಾತೇಲಿಯ ಕಂಠ ಬಿಡಲಿಲ್ಲ. ಬಾಯಿಯ ರಕ್ತವೆಲ್ಲ ಬೇಳೆಗೆ ಇಳಿಯಿತು. ರಕ್ತದ ವಾಸನೆ ಬಡಿದದ್ದೇ ಕೇತಕಿ ಫುರ್ ಎಂದು ಸೀನಿ ಮುಂಗಾಲೆತ್ತಿ ನಿಂತುಬಿಟ್ಟಿತು. ಸುಖೇಶ ಜಾರಿ ನೆಲಕ್ಕೆ ಬಿದ್ದ. ಆಗ ಜನ ಹಿಂದೆ ಸರಿದರು. ಕುದುರೆಯ ಕೊರಳಿಗೆ ಸಿಡಿದಿದ್ದ ರಕ್ತವನ್ನು ಯಾರೋ ಚೆಂಡುಹೂವಿನ ಮಾಲೆಯಿಂದ ಒರೆಸಿದರು. ಮೆರವಣಿಗೆ ಮುಂದೆ ಹೋಯಿತು, ಮದುಮಗ ನಡೆದುಕೊಂಡು. ಅಂಬಾದಾಸನನ್ನು ಕುದುರೆಯೇ ಒದ್ದಿತೆಂದು ಅವರು ಊರಿಗೆ ಹೇಳಿದರು.

ಬೆಳಗಾಗುವಾಗ ಕೊಟ್ಟಿಗೆಯ ತಗಡು ಗುಡುಗಿತು. ತಿಂದಷ್ಟು ಬೇಳೆಯೇ ಕೇತಕಿಗೆ ಸಾಕಾಗಿತ್ತು. ಹೊಟ್ಟೆಗೆ ಒದ್ದುಕೊಳ್ಳುವುದು, ಬೀಳುವುದು, ಹೊರಳುವುದು. ಅಂಬಾದಾಸ ಮುರಿದ ಕೈಯನ್ನು ಎದೆಗೆ ಕಟ್ಟಿಕೊಂಡು, ಹೊರಳಾಟಕ್ಕೆ ಕರುಳು ತಿರುಚದಿರಲೆಂದು ಇನ್ನೊಂದು ಕೈಯಿಂದ ಅದನ್ನು ಬಡಿದು ಬಡಿದು ಎಬ್ಬಿಸಿದ. "ಏಳ ನನ್ನವ್ವ, ಏಳ!" ಕಣ್ಣಲ್ಲಿ ನೀರು, ಕೈಯಲ್ಲಿ ಚಾವಟಿ.

ನಾನು ಅಜವಾನ, ಇಂಗು, ಕರಿ ಉಪ್ಪು ಕುಟ್ಟಿ ಬಿಸಿನೀರಿಗೆ ಕಲಸಿದೆ. ಬಿದಿರಿನ ಗೊಟ್ಟದಿಂದ ಅದರ ಬಾಯಿಗೆ ಹೊಯ್ಯಬೇಕು.

"ತಲಿ ಭಾಳ ಎತ್ತಬ್ಯಾಡ ಮಾವಶಿ, ಪುಪ್ಪಸಕ್ಕ ಹೋದೀತು. ಅದು ನುಂಗಲಿ, ಆಮ್ಯಾಲ ಹೊಯ್ಯಿ."

ಗುಟುಕು ಗುಟುಕಾಗಿ ಹೊಯ್ದೆ. ಅದು ತಲೆ ಬೀಸಿ ನನ್ನನ್ನು ಗೋಡೆಗೆ ಎಸೆಯಿತು. ಎದ್ದು ಮತ್ತೆ ಹೊಯ್ದೆ. ದನದ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, ಮೂಗಿನಲ್ಲಿ ನಳಿಗೆ ಇಳಿಸಿ ಎಣ್ಣೆ ಬಿಟ್ಟರು. ಇಂಗು ಗೆದ್ದಿತೋ ಇಂಜೆಕ್ಷನ್ ಗೆದ್ದಿತೋ ನನಗೆ ಗೊತ್ತಿಲ್ಲ. ಮಧ್ಯಾಹ್ನ ಕೇತಕಿ ಬಾಲವೆತ್ತಿ ಲದ್ದಿ ಹಾಕಿತು. ಅಂಬಾದಾಸ ಅದನ್ನು ಕೈಯಲ್ಲಿ ಒಡೆದು ನೋಡಿದ. ಒಳಗೆ ಬೇಳೆ ಇಡಿಯಾಗಿ ಕಂಡಿತು. ಆಮೇಲೆಯೇ ಅವನು ಕುಳಿತದ್ದು. ಕುದುರೆಗೆಂದು ಕಲಸಿಟ್ಟಿದ್ದ ಅರಿಸಿನವನ್ನು ತನ್ನ ತುಟಿಗೆ ಹಚ್ಚಿಕೊಂಡ.

ಈಗ ಅವನು ಕುಕ್ಕೆ ಕಟ್ಟುವುದಿಲ್ಲ. ಹೆಂಗಸರು ಬೇಳೆ ತಂದರೆ ಕುದುರೆಯ ಮುಂದೆ ನಿಂತು, "ಮೊದಲ ಪಾಲು ನನಗ್ರಿ ತಾಯಿ" ಎಂದು ಬಾಯಿ ತೆರೆಯುತ್ತಾನೆ. ಅದೂ ಒಂದು ಶಾಸ್ತ್ರವೆಂದು ಅವರು ನಗುತ್ತಾ ತುಂಬುತ್ತಾರೆ. ತಟ್ಟೆ ಬರಿದಾಗುವ ತನಕ ಅವನು ಬಾಯಿ ಮುಚ್ಚುವುದಿಲ್ಲ. ಮುಂದಿನ ಹಲ್ಲಿಲ್ಲ, ಸರಿಯಾಗಿ ಅಗಿಯಲು ಬರುವುದಿಲ್ಲ, ಹಾಗೇ ನುಂಗುತ್ತಾನೆ. ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ಕೊಟ್ಟಿಗೆಯಲ್ಲಿ ಮಲಗುತ್ತಾನೆ. ನಾನು ಅಜವಾನ ಕುಟ್ಟುತ್ತೇನೆ.