ಕಾರ್ಡಿನಲ್ಲಿ ಉಳಿದಿದ್ದ ಸವತಿ

ನನ್ನ ಸವತಿಯ ಮುಖವನ್ನು ನಾನು ಮೊದಲು ನೋಡಿದ್ದು ದಾಂಡೇಲಿ ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯಲ್ಲಿ. ಅಷ್ಟೊತ್ತಿಗೆ ಅವಳು ತೀರಿಕೊಂಡು ವರ್ಷಗಳೇ ಆಗಿದ್ದವು.

ನಾನು ಎರಡನೆಯ ಸಂಬಂಧಕ್ಕೆ ಬಂದವಳು. ಮನೆತನದ ಪದ್ಧತಿಯಂತೆ ಅತ್ತೆ ಅವಳ ಹೆಸರಿನದೊಂದು ಪುಟ್ಟ ಬೆಳ್ಳಿ ಪದಕವನ್ನು ನನ್ನ ತಾಳಿಯ ಜೊತೆ ಪೋಣಿಸಿದ್ದರು. ಮುಖವಿಲ್ಲದ ಸವತಿ, ಇದ್ದರೆ ಇರಲಿ ಎಂದುಕೊಂಡಿದ್ದೆ. ಅವಳ ಫೋಟೋಗಳನ್ನು ನನ್ನ ಗಂಡ ಮದುವೆಗೆ ಮುಂಚೆಯೇ ಅಳಿಸಿ, ಆ ಮೆಮೊರಿ ಕಾರ್ಡನ್ನು ನನ್ನ ಫೋನಿಗೆ ಹಾಕಿಕೊಟ್ಟಿದ್ದರು. ಅದಕ್ಕೆ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಮಗಳ ತೊಟ್ಟಿಲ ಕಾರ್ಯದ ಫೋಟೋಗಳೂ ಅದರಲ್ಲೇ ಇದ್ದವು. ಒಂದು ದಿನ ಏನೋ ಒತ್ತಲು ಹೋಗಿ ಏನೋ ಒತ್ತಿದೆ, ಕಾರ್ಡ್ ಪೂರ್ತಿ ಖಾಲಿ. ಅಳುತ್ತ ಅಂಗಡಿಗೆ ಹೋದೆ.

ಅಂಗಡಿಯ ಚಾಚಾ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸುತ್ತ, "ಅಳಬ್ಯಾಡ್ರಿ ಅಕ್ಕಾರ. ಅಳಿಸಿದ್ರ ಹೋಗಂಗಿಲ್ರಿ. ಈ ಜಾಗಾ ಖಾಲಿ ಐತಿ ಅಂತ ಕಾರ್ಡ್ ತಿಳ್ಕೊಂತೈತಿ, ಅಷ್ಟ. ಮ್ಯಾಲೆ ಹೊಸಾ ಫೋಟೋ ಕುಂದ್ರೂ ತನಕ ಹಳೇದು ಅಲ್ಲೇ ಇರ್ತೈತಿ" ಎಂದರು.

ಕಂಪ್ಯೂಟರಿನ ತೆರೆಯ ಮೇಲೆ ಮೊದಲು ಮಗಳು ಬಂದಳು. ಅವಳ ಹಿಂದೆಯೇ ಇನ್ನೊಬ್ಬಳು ಬಂದಳು. ಕಾಳಿ ಹೊಳೆಯ ಬಂಡೆಯ ಮೇಲೆ ಕುಳಿತು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದಳು. ಮುಂದಿನದರಲ್ಲಿ ಪಕ್ಕಕ್ಕೆ ನನ್ನ ಗಂಡ. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ನನ್ನ ಫೋಟೋ ತೆಗೆದರೆ ಈ ಮನುಷ್ಯ ತಲೆಯನ್ನಾದರೂ ಕತ್ತರಿಸುತ್ತಾರೆ, ಕಾಲನ್ನಾದರೂ. ಬಂಡೆಯ ಮೇಲಿನ ಫೋಟೋದಲ್ಲಿ ಅವಳದು ಒಂದು ಕೂದಲೂ ಆಚೆ ಹೋಗಿಲ್ಲ!

ಮಗಳ ಫೋಟೋಗಳನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಸಿಕೊಂಡೆ. ಆಮೇಲೆ ಮನೆಗೆ ಬಂದು, ಅವಳ ಮೇಲೆ ಹೊಸದು ಕೂರಲೆಂದು ಕಾರ್ಡ್ ತುಂಬಿಸಲು ಕುಳಿತೆ. ಕೋಳಿ, ಗೋಡೆ, ಒಲೆಯ ಮೇಲಿನ ಸಾರು, ಮಿಲ್ಲಿನ ಹೊಗೆ, ಕಂಡದ್ದನ್ನೆಲ್ಲ ತೆಗೆದೆ. ಇನ್ನು ಜಾಗವಿಲ್ಲ ಎಂದು ಫೋನೇ ಹೇಳಿದಾಗ ಸಮಾಧಾನವಾಯಿತು.

ಮಿಲ್ಲಿನ ಪಾಳಿ ಮುಗಿಸಿ ಬಂದ ಗಂಡ ಫೋನ್ ನೋಡಿ, "ಸಾರಿನ ಫೋಟೋ ಯಾಕ ಇಷ್ಟು ತಗದಿ?" ಎಂದರು. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಫೋನನ್ನು ಕೆಳಗಿಟ್ಟು ಮೆಲ್ಲಗೆ ಕೇಳಿದರು:

"ಬಂಡೆ ಮ್ಯಾಲೆ ಕುಂತು ನಕ್ಕಿದ್ದೂ ಬಂದಿತ್ತೇನು?"

ಕಾರ್ಡಿನಲ್ಲಿ ಈಗ ಅವಳಿಲ್ಲ. ನನ್ನ ಕೊರಳ ಪದಕಕ್ಕೆ ಮಾತ್ರ ಮುಖ ಬಂದಿದೆ. ಊಟ ಬಡಿಸಲು ಬಗ್ಗಿದಾಗ ಅದು ಮುಂದಕ್ಕೆ ತೂಗಾಡುತ್ತದೆ. ಅವರ ಕಣ್ಣು ಎಲ್ಲಿದೆ ಎಂದು ನಾನು ದಿನಾಲೂ ನೋಡುತ್ತೇನೆ.