ಆ ಬಲೆ ಹೆಣೆದವರು

ಅಮೆರಿಕದ ಕೊಲಂಬಿಯಾ ಊರಿನ ಮೈದಾನ. ಕೊನೇ ನಿಮಿಷದಲ್ಲಿ ತಂಗಿಯ ಮಗಳು ನಿಧಿ ಗೋಲು ಹೊಡೆದು ಸ್ಕೋರು ಸಮ ಮಾಡಿದಳು. ನಾವು ಕೂಗಿ ಮುಗಿಸುವಷ್ಟರಲ್ಲಿ ರೆಫರಿ ಸೀಟಿ ಊದಿ, ಚೆಂಡು ಹಿಡಿದೆಸೆಯುವ ಅವಳ ಲಕ್ರಾಸ್ ಆಟದ ಕೋಲನ್ನು ಕೈಗೆ ತೆಗೆದುಕೊಂಡರು. ಎಪ್ಪತ್ತು ದಾಟಿದ ಅಜ್ಜಿ. ಆಡಿ, ಆಡಿಸಿ, ಇದೇ ಆಟದಲ್ಲಿ ಕೂದಲು ಬೆಳ್ಳಗಾದವರಂತೆ. ಗೋಲಾದ ಮೇಲೆ ಕೋಲನ್ನು ತನಿಖೆ ಮಾಡುವ ಆಟ ನಾನು ಕಂಡಿರಲಿಲ್ಲ.

ಕೋಲಿನ ತುದಿಯ ಬಲೆಯಲ್ಲಿ ಚೆಂಡಿಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿದರು.

"ಬಲೆ ಜೋತುಬಿದ್ದು ಚೆಂಡು ಅಂಚಿನ ಕೆಳಗೆ ಹೋಗಿದ್ರೆ ಗೋಲ್ ಕ್ಯಾನ್ಸಲ್, ಅಣ್ಣ," ಅಂದಳು ತಂಗಿ. ಅವಳ ಉಗುರು ನನ್ನ ತೋಳಿಗೆ ನಾಟಿತ್ತು.

ಅಜ್ಜಿ ನೋಡಿದರು. ಚೆಂಡು ತೆಗೆದು, ಮತ್ತೆ ಇಟ್ಟು, ಇನ್ನೊಮ್ಮೆ ನೋಡಿದರು. ಗೋಲಿಲ್ಲ ಎಂದು ಕೈಯಾಡಿಸಿದರು. ನಿಧಿಯ ತಂಡ ಸೋತಿತು.

"ಒಂದು ಕೂದಲೆಳೆಯಷ್ಟಕ್ಕೆ ಮಗು ಹೊಟ್ಟೆ ಉರಿಸೋದಾ? ಹೋಗಿ ಕೇಳ್ತೀನಿ," ಎಂದು ಎದ್ದೆ.

"ಕೂತ್ಕೋ ಅಣ್ಣ," ತಂಗಿ ಅಂಗಿ ಹಿಡಿದು ಎಳೆದಳು. "ಹೋದ ವಾರ ಆ ಬಲೆ ಹೆಣೆದುಕೊಟ್ಟಿದ್ದೇ ಅವರು."

ಅತ್ತ ನೋಡಿದೆ. ರೆಫರಿ ಆಗಲೇ ಹುಲ್ಲಿನ ಮೇಲೆ ಮಂಡಿಯೂರಿ ಬಲೆಯ ಗಂಟು ಬಿಚ್ಚುತ್ತಿದ್ದರು. ನಿಧಿ ಅಳುತ್ತಲೇ ಕೋಲಿನ ಇನ್ನೊಂದು ತುದಿಯನ್ನು ಅಲ್ಲಾಡದಂತೆ ಹಿಡಿದುಕೊಂಡಿದ್ದಳು.