ಮೃದಂಗ ಎಲ್ಲಿ ಕೂತಿದೆ

ಲೀಲಾಧರಣ್ಣನ ಜೊತೆ ರೆಕಾರ್ಡು ಕೊಳ್ಳಲು ಹೋದವರು ಯಾರೂ ತಮಗೆ ಬೇಕಾದ ಹಾಡು ತಂದದ್ದಿಲ್ಲ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವರಿಂದ ಹೊಸ ಸ್ಟೀರಿಯೋ ಮಾಡಿಸಿಕೊಂಡವರು ಸಿನಿಮಾ ಹಾಡಿನ ಆಸೆಯಿಂದ ಹೊರಟರೆ, ಈ ಮನುಷ್ಯ ಅಂಗಡಿಯಲ್ಲಿ ಕವರುಗಳನ್ನು ಹಿಂದೆ ಮುಂದೆ ತಿರುಗಿಸಿ, ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಅರ್ಧ ಗಂಟೆ ಅಂಗಡಿಯವನ ಪ್ರಾಣ ತಿಂದು, ಕಡೆಗೆ ಯಾವುದೋ ವೀಣೆಯನ್ನೋ ಕೊಳಲನ್ನೋ ಅವರ ಕೈಗೆ ಹಿಡಿಸುತ್ತಿದ್ದರು. ಹೋದವರು ಮುಖ ಊದಿಸಿಕೊಂಡು ವಾಪಸು ಬರುತ್ತಿದ್ದರು.

"ಇಷ್ಟದ ಹಾಡು ಹಾಕಿ ಪೆಟ್ಟಿಗೆ ಪರೀಕ್ಷೆ ಮಾಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ," ಎನ್ನುತ್ತಿದ್ದರು. "ಸ್ಪೀಕರ್ ಅರ್ಧ ನುಂಗಿದ್ರೂ ಉಳಿದದ್ದನ್ನು ಮನಸ್ಸೇ ತುಂಬಿಸಿಕೊಳ್ತದೆ. ಸಿನಿಮಾ ಹಾಡಲ್ಲಿ ಎಲ್ಲ ವಾದ್ಯವೂ ಒಟ್ಟಿಗೇ ಫಾಸ್ಟ್ ಲೋಕಲ್ ಹತ್ತಿದ ಹಾಗೆ ಉಂಟು. ಯಾರು ಎಲ್ಲಿ ನಿಂತಿದ್ದಾರೆ ಅಂತ ಹೇಗೆ ಗೊತ್ತಾಗ್ತದೆ?"

ಅವರು ಕಾಪು ಕಡೆಯವರು. ಠಾಣೆಯ ಒಂದು ರೇಡಿಯೋ ಕಾರ್ಖಾನೆಯಲ್ಲಿ ಕೆಲಸ. ರಜೆಯ ದಿನ ಮನೆಯಲ್ಲೇ ಆಂಪ್ಲಿಫೈಯರ್ ಜೋಡಿಸಿ, ಬಡಗಿಯಿಂದ ಸ್ಪೀಕರಿನ ಪೆಟ್ಟಿಗೆ ಮಾಡಿಸಿ, ಬೇಕಾದವರಿಗೆ ಕೊಡುತ್ತಿದ್ದರು. ಅವರ ಹೆಂಡತಿ ವಾರಿಜಕ್ಕನಿಗೆ ಅಕ್ಕಿ ಡಬ್ಬ ಇಡಲು ಜಾಗವಿರುತ್ತಿರಲಿಲ್ಲ. ಒಮ್ಮೆ ಆಕೆ ಸಿಟ್ಟಿನಿಂದ ಒಂದು ಸ್ಪೀಕರಿನ ಮೇಲೆ ಇಡ್ಲಿ ಬೇಯಿಸುವ ಪಾತ್ರೆ ಇಟ್ಟಾಗ ಲೀಲಾಧರಣ್ಣ ಊಟ ಬಿಟ್ಟು ಕೂತಿದ್ದರಂತೆ.

ಪ್ರತಿ ಜೊತೆ ಪೆಟ್ಟಿಗೆಗೂ ಭಾನುವಾರ ಮಧ್ಯಾಹ್ನ ಪರೀಕ್ಷೆ. ಕಿಟಕಿ ಮುಚ್ಚಿ, ನೆರೆಹೊರೆಯ ನಮ್ಮನ್ನು ಚಾಪೆಯ ಮೇಲೆ ಕೂರಿಸಿ, ಲೋಕಲ್ ರೈಲು ಹೋಗುವುದನ್ನು ಕಾದು, ಆಮೇಲೆ ಮುಳ್ಳು ಇಳಿಸುತ್ತಿದ್ದರು. ಯಾವಾಗಲೂ ಒಂದೇ ವೀಣೆಯ ರೆಕಾರ್ಡು. ನಾವು ಕಣ್ಣು ಮುಚ್ಚಿರಬೇಕು. "ವೀಣೆ ಎಲ್ಲಿ ಕೂತಿದೆ? ಘಟ ಎಲ್ಲಿ? ಮೃದಂಗ ಎಲ್ಲಿ ಕೂತಿದೆ?" ಎಂದು ಕೇಳಿದಾಗ ಬೆರಳು ಚಾಚಿ ತೋರಿಸಬೇಕು. ವೀಣೆ ನಡುವೆ, ಘಟ ಬಲಕ್ಕೆ, ಮೃದಂಗ ಎಡಕ್ಕೆ ಎಂದು ಎಲ್ಲ ಬೆರಳುಗಳೂ ಹೇಳಿದರೆ ಪೆಟ್ಟಿಗೆ ಪಾಸು. ತಮ್ಮ ಕಿವಿಯನ್ನು ಅವರು ನಂಬುತ್ತಿರಲಿಲ್ಲ. ಮಾಡಿದವನಿಗೆ ತಾನು ಮಾಡಿದ್ದೆಲ್ಲ ಚೆಂದವೇ ಕೇಳುತ್ತದೆ ಎಂಬುದು ಅವರ ವಾದ.

ನಾನು ಉಡುಪಿಯಿಂದ ಮದುವೆಯಾಗಿ ಆ ಕಟ್ಟಡಕ್ಕೆ ಬಂದದ್ದು ಎಪ್ಪತ್ತೆಂಟರಲ್ಲಿ. ಮರುವರ್ಷದ ಹೊತ್ತಿಗೆ ನನ್ನನ್ನು ವಾಪಸು ಕಳಿಸುವ ಮಾತು ನಡೆದಿತ್ತು. ಅತ್ತೆ ರಮಾಮಣಿ ಕರೆದರೆ ನಾನು ಓಗೊಡುವುದಿಲ್ಲ, ಕೇಳಿಯೂ ಕೇಳದ ಹಾಗೆ ಒಲೆಯ ಮುಂದೆ ಕೂತಿರುತ್ತೇನೆ, ಬಹಳ ಜಂಭ ಎಂಬುದು ದೂರು. ಅವರು ಕರೆದದ್ದೇ ಸುಳ್ಳು, ನನ್ನನ್ನು ಕೆಟ್ಟವಳು ಮಾಡಲು ಹೀಗೆ ಹೇಳುತ್ತಾರೆ ಎಂಬುದು ನನ್ನ ದೂರು. ನನಗೂ ಮೂಗಿನ ತುದಿಯಲ್ಲೇ ಕೋಪ, ಒಂದಕ್ಕೆ ಎರಡು ಮಾತು ಆಡುತ್ತಿದ್ದೆ. ನನ್ನ ಗಂಡ ಕಮಲಾಕ್ಷ ಠಾಣೆಯ ಒಂದು ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಸಂಜೆ ಬಂದು ಇಬ್ಬರ ಜಗಳ ಕೇಳಿ ಕೇಳಿ ಸುಸ್ತಾಗಿ, "ಸ್ವಲ್ಪ ದಿವಸ ತವರಲ್ಲಿ ಇರು, ಆಮೇಲೆ ನೋಡುವ," ಎಂದು ಉಡುಪಿಯ ಬಸ್ಸಿಗೆ ಟಿಕೆಟು ತಂದಿದ್ದರು. ಆ 'ಆಮೇಲೆ' ಅಂದರೇನು ಎಂದು ನನಗೆ ಗೊತ್ತಿತ್ತು. ಊರಿನಲ್ಲಿ ಹಾಗೆ ಬಂದು ಉಳಿದುಹೋದವರನ್ನು ನಾನು ನೋಡಿದ್ದೆ.

ಆ ವಾರವೇ ಕಲ್ಯಾಣದ ಗಿರಾಕಿಯೊಬ್ಬನ ಪೆಟ್ಟಿಗೆಗಳ ಪರೀಕ್ಷೆ ಬಂತು. ಮನೆಯ ರಗಳೆಯಿಂದ ತಪ್ಪಿಸಿಕೊಳ್ಳಲು ಮೊದಲ ಸಲ ನಾನೂ ಹೋದೆ. ಮೃದಂಗ ಎಲ್ಲಿ ಎಂದು ಕೇಳಿದಾಗ ಬೆರಳು ಚಾಚಿದೆ. ಕಣ್ಣು ಬಿಟ್ಟು ನೋಡಿದರೆ ಎಲ್ಲರ ಬೆರಳು ಎಡಕ್ಕೆ, ನನ್ನದೊಂದೇ ಬಲಕ್ಕೆ.

ಕೆಳಗಿನ ಮನೆಯ ಚಂದ್ರಬಾಯಿ ನಕ್ಕಳು. ವಿಜಯಪುರದ ಕಡೆಯವಳು, ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. "ಸುಗುಣಾಬಾಯಿ ಬೇಕಂತ ಹಂಗ ತೋರಸ್ತಾರ್ರಿ. ಮೃದಂಗ ಈ ಕಡೀನ ಐತಿ."

"ನನಗೆ ಕೇಳಿದ್ದನ್ನು ತೋರಿಸಿದೆ. ಬೇಡದಿದ್ರೆ ಇನ್ನು ಕರಿಬೇಡಿ," ಎಂದು ನಾನು ಎದ್ದೆ.

ಬೇರೆ ಯಾರಾದರೂ ಆಗಿದ್ದರೆ ನನ್ನೊಬ್ಬಳ ಬೆರಳನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಲೀಲಾಧರಣ್ಣ ಮಾತ್ರ ಗಂಭೀರವಾದರು. "ಅವರು ಸುಳ್ಳು ಯಾಕೆ ಹೇಳ್ತಾರೆ? ನನ್ನ ಪೆಟ್ಟಿಗೆಯಲ್ಲೇ ಎಂತದೋ ಎಡವಟ್ಟು ಉಂಟು," ಎಂದರು. ಗಂಡನ ಮನೆಯಲ್ಲಿ ಒಂದು ವರ್ಷ ಇದ್ದು ನನಗೆ ಸಿಗದ ನಂಬಿಕೆಯನ್ನು ಅವರು ಒಂದೇ ಮಾತಿನಲ್ಲಿ ಕೊಟ್ಟುಬಿಟ್ಟರು. ವಾರವೆಲ್ಲ ಕಾರ್ಖಾನೆಯಿಂದ ಬಂದು ಪೆಟ್ಟಿಗೆ ಬಿಚ್ಚುವುದು, ಬೆಸುಗೆ ಹಾಕುವುದು, ಮತ್ತೆ ಮುಚ್ಚುವುದು. ಕಲ್ಯಾಣದ ಗಿರಾಕಿ ಬಂದು, ಕೇಳಿ, ಚೆನ್ನಾಗಿದೆ ಕೊಡಿ ಎಂದರೂ ಕೊಡಲಿಲ್ಲ. ಅವನು ತಲೆ ಚಚ್ಚಿಕೊಂಡು ರೈಲು ಹತ್ತಿದ.

ಮುಂದಿನ ಭಾನುವಾರ ವಾರಿಜಕ್ಕ ಬಂದು ಕೈಹಿಡಿದು ಕರೆದುಕೊಂಡು ಹೋದರು. ಮತ್ತೆ ಅದೇ ಕಥೆ. ಎಲ್ಲರದ್ದು ಎಡ, ನನ್ನದು ಬಲ. ಲೀಲಾಧರಣ್ಣ ಪೆಟ್ಟಿಗೆಗಳ ಹಿಂದೆ ಕೂತು ವೈರುಗಳನ್ನು ಅದಲುಬದಲು ಮಾಡಿದರು. ಮೃದಂಗ ಬಲದ ಪೆಟ್ಟಿಗೆಗೆ ಬಂತು, ಎಲ್ಲರ ಬೆರಳೂ ಬಲಕ್ಕೆ ಬಂದವು. ನನ್ನದು ಇದ್ದಲ್ಲೇ ಇತ್ತು. ಘಟ ಎಲ್ಲಿ ಎಂದರು, ಅದಕ್ಕೂ ನಾನು ಬಲಕ್ಕೇ ತೋರಿಸಿದೆ.

ಅವರು ಪೆಟ್ಟಿಗೆಗಳ ಹಿಂದಿನಿಂದ ಎದ್ದು ಬಂದರು. "ಸುಗುಣಾ, ಪೆಟ್ಟಿಗೆಗೆ ಬೆನ್ನು ಹಾಕಿ ಕೂತ್ಕೊಳ್ಳಿ," ಎಂದರು. ಕೂತೆ. ಮೃದಂಗ ಎಲ್ಲಿ ಎಂದಾಗ ಮತ್ತೆ ನನ್ನ ಬಲಕ್ಕೇ ತೋರಿಸಿದೆ. ತಿರುಗಿ ಕೂತದ್ದರಿಂದ ಆ ಬೆರಳು ಈಗ ಇನ್ನೊಂದು ಪೆಟ್ಟಿಗೆಯ ಕಡೆಗಿತ್ತು.

ಅವರು ಮುಳ್ಳು ಎತ್ತಿದರು. ಕೈಗಡಿಯಾರ ಬಿಚ್ಚಿ, ನನಗೆ ಬಲಗಿವಿ ಒತ್ತಿ ಮುಚ್ಚಿಕೊಳ್ಳಲು ಹೇಳಿ, ಅದನ್ನು ಎಡಗಿವಿಗೆ ಹಿಡಿದರು. ಗಡಿಯಾರ ನಿಂತಿದೆ ಎಂದೆ. ಅವರು ಅದನ್ನು ಬಲಗಿವಿಗೆ ತಂದು, ನನ್ನ ಕೈ ಸರಿಸಿದರು. ಟಿಕ್ ಟಿಕ್ ಎಂದು ಸ್ಪಷ್ಟವಾಗಿ ಕೇಳಿತು.

ಚಿಕ್ಕಂದಿನ ಮಂಗನಬಾವು ಎಡಗಿವಿಯ ನರ ತಿಂದುಹಾಕಿದೆ, ಅದಕ್ಕೆ ಔಷಧವಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ಇಷ್ಟು ವರ್ಷ ಗೊತ್ತೇ ಆಗಲಿಲ್ಲವೇ ಎಂದು ಈಗಲೂ ಜನ ಕೇಳುತ್ತಾರೆ. ಹೇಗೆ ಗೊತ್ತಾಗಬೇಕು? ನಮ್ಮ ಮನೆಯಲ್ಲಿ ಟೆಲಿಫೋನು ಇರಲಿಲ್ಲ, ಮತ್ತು ಪ್ರಪಂಚ ಎಲ್ಲರಿಗೂ ಇಷ್ಟೇ ಕೇಳುತ್ತದೆ ಎಂದು ನಾನು ತಿಳಿದಿದ್ದೆ.

ಆ ಭಾನುವಾರವೇ ಲೀಲಾಧರಣ್ಣ ಬನಿಯನ್ನಿನ ಮೇಲೆ ಅಂಗಿ ಹಾಕಿಕೊಂಡು ನನ್ನ ಜೊತೆ ಮನೆಗೆ ಹೊರಟರು. ಮೆಟ್ಟಿಲು ಹತ್ತುವಾಗ, "ಇನ್ನು ನಿಮ್ಮ ಪರೀಕ್ಷೆಗೆ ನನ್ನಿಂದ ಪ್ರಯೋಜನ ಇಲ್ಲ," ಎಂದೆ.

"ಯಾರು ಹೇಳಿದ್ದು? ಒಂದೇ ಪೆಟ್ಟಿಗೆ ಇಟ್ಟು ಕಂಠ ಹೇಗೆ ಬರ್ತದೆ ಅಂತ ಕೇಳ್ಲಿಕ್ಕೆ ಉಂಟಲ್ಲ. ಅದಕ್ಕೆ ನಿಮ್ಮಷ್ಟು ಜಗಳ ಮಾಡುವವರೇ ಬೇಕು."

ಸುಮ್ಮನೆ ಸಮಾಧಾನಕ್ಕೆ ಆಡಿದ ಮಾತಲ್ಲ ಅದು. ಎಂಬತ್ತರ ದಶಕದ ಕೊನೆಗೆ ಅವರು ನೆರೂಳಿಗೆ ಮನೆ ಬದಲಿಸುವ ತನಕ ಆ ಕೆಲಸ ನನ್ನದೇ ಆಗಿತ್ತು. ಗಾಯಕಿಯ ಉಸಿರು ಕೇಳಿಸದ ಪೆಟ್ಟಿಗೆಗಳನ್ನು ನಾನೇ ಮುಲಾಜಿಲ್ಲದೆ ಫೇಲು ಮಾಡಿದ್ದೇನೆ. ಆ ಮನುಷ್ಯನ ಋಣ ನನ್ನ ಮೇಲೆ ಬಹಳ ಇದೆ.

ಮನೆಯಲ್ಲಿ ಅತ್ತೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ನಾನು ಹೋಗಿ ಅವರ ಬಲಪಕ್ಕದಲ್ಲಿ ಕೂತೆ. ಲೀಲಾಧರಣ್ಣ ಬಾಗಿಲಲ್ಲೇ ನಿಂತು, ಗಡಿಯಾರದ ಸಂಗತಿಯವರೆಗೆ ಎಲ್ಲವನ್ನೂ ಹೇಳಿದರು. "ಜಂಭ ಅಲ್ಲ ರಮಾಮಣಿಯಮ್ಮ. ಎಡಗಡೆಯಿಂದ ಕರೆದ್ರೆ ಇವರಿಗೆ ಕೇಳುದೇ ಇಲ್ಲ."

ಅತ್ತೆಯ ಕೈ ಅಕ್ಕಿಯಲ್ಲೇ ನಿಂತಿತು. ಒಳಗಿನಿಂದ ಬಂದ ನನ್ನ ಗಂಡ ಟಿಕೆಟಿನ ವಿಷಯ ಏನೋ ತೆಗೆದರು.

"ಅದನ್ನು ಹಿಂದೆ ಕೊಟ್ಟು ಬಾ," ಎಂದರು ಅತ್ತೆ.

ಆಮೇಲೆ ಮೊರ ಎತ್ತಿಕೊಂಡು, ಮೊಣಕಾಲು ಹಿಡಿದು ಎದ್ದು, ನನ್ನ ಬೆನ್ನ ಹಿಂದಿನಿಂದ ಸುತ್ತಿ ಬಂದು, ನನ್ನ ಬಲಕ್ಕೆ ಕೂತರು. "ಸಾರಿಗೆ ಎಂತ ಹಾಕುವ ಮಗಾ?" ಎಂದರು. ನಾನು ತಲೆ ತಗ್ಗಿಸಿ ಮೊರದ ಅಕ್ಕಿಗೆ ಕೈ ಹಾಕಿದೆ. ಕೇಳಿಸಲಿಲ್ಲವೇನೋ ಎಂದುಕೊಂಡು ಅವರು ಇನ್ನಷ್ಟು ಹತ್ತಿರ ಸರಿದು ಅದನ್ನೇ ಮತ್ತೊಮ್ಮೆ ಕೇಳಿದರು.